ಹಳದಿ ಗುರುತು, ನೀಲಿ ಗುರುತು

ಎರಡೂ ಬಣ್ಣ ಇರುವ ಮರವನ್ನು ಹುಡುಕುತ್ತ ಹೊರಟ ಮಾವ-ಸೊಸೆಯರಿಗೆ ಅರ್ಧ ಕಾಡು ಮುಗಿದರೂ ಅಂಥದ್ದು ಒಂದೂ ಸಿಗಲಿಲ್ಲ. ಇಬ್ಬರದೂ ಒಂದೇ ಅರಣ್ಯ ಕಚೇರಿ. ಕಡಿಯುವ ಮರಗಳನ್ನು ಇಬ್ಬರು ಬೇರೆ ಬೇರೆಯಾಗಿ ಆರಿಸಬೇಕು, ಇಬ್ಬರೂ ಒಪ್ಪಿದ ಮರಕ್ಕೆ ಮಾತ್ರ ಗರಗಸ ಇಡಬೇಕು ಎಂಬುದು ಅಲ್ಲಿನ ಹೊಸ ನಿಯಮ. ಒಬ್ಬರ ಗುರುತು ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಮಾವ ಹೊಳೆಯ ಕಡೆಯ ಮೈಗೆ ಹಳದಿ ಬಳಿದಿದ್ದರು, ಸೊಸೆ ಗುಡ್ಡದ ಕಡೆಯ ಮೈಗೆ ನೀಲಿ.

"ನಾವಿಬ್ರೂ ಬಂದಿದ್ದು ಇದೇ ಕಾಡಿಗೆ ತಾನೆ?" ಮಾವ ಕೇಳಿದರು. "ನೀನೆಲ್ಲೋ ದಾರಿ ತಪ್ಪಿ ಪಕ್ಕದ ಕಾಡಿಗೆ ಬಣ್ಣ ಬಳಿದು ಬಂದಿದ್ದೀಯ."

ಸೊಸೆ ನಕ್ಕಳು, ಆದರೆ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಒಂದೇ ಜಾತಿಯ ಮರ ಸಾಲಾಗಿ ನಿಂತ ತೋಪಾದರೆ ಒಂದನ್ನು ಅಳೆದು ಉಳಿದದ್ದನ್ನು ಲೆಕ್ಕ ಹಾಕಿಬಿಡಬಹುದು. ಇದು ಹಾಗಲ್ಲ. ಸೂಜಿಯೆಲೆಯವು, ಅಗಲೆಲೆಯವು, ಮುದಿ ಮರ, ಎಳೆ ಮರ, ಕಾಲಡಿಯಲ್ಲಿ ಗೇಣುದ್ದದ ಸಸಿಗಳು, ಎಲ್ಲ ಒಂದೇ ಮನೆಯೊಳಗೆ ಕಿಕ್ಕಿರಿದ ಸಂಸಾರದಂತೆ. ಇಲ್ಲಿ ಇಬ್ಬರ ಆಯ್ಕೆ ಬೇರೆಯಾಗುವುದು ಸಹಜ. ಆದರೆ ಒಂದು ಮರದಲ್ಲೂ ಕೂಡಿ ಬರಬಾರದೆಂದರೆ? ಅವಳಿಗೆ ಈ ಕೆಲಸ ಕಲಿಸಿದವರೇ ಮಾವ. ಸೊಸೆಯಾಗುವ ಮೊದಲು ಅವಳು ಅವರ ಶಿಷ್ಯೆ.

"ಇದನ್ಯಾಕೆ ಆರಿಸಿದ್ರಿ, ಮಾವ?"

"ಬುಡ ಕೊಳೆತಿದೆ."

"ಅದು?"

"ತೊಗಟೆ ಸೀಳಿದೆ ನೋಡು."

"ಆ ಕಡೇದು?"

"ಬೇರು ಎದ್ದಿದೆ. ಏನು, ಪರೀಕ್ಷೆ ಮಾಡ್ತಿದ್ದೀಯಾ ನನ್ನ?"

ಹೇಳಿದ ಕಾರಣಗಳೆಲ್ಲ ಸರಿಯೇ. ಆದರೆ ಒಂದೂ ಆಳೆತ್ತರದಿಂದ ಮೇಲಕ್ಕೆ ಏರಿರಲಿಲ್ಲ. 'ಮೊದಲು ನೆತ್ತಿ ನೋಡು, ಬುಡ ಆಮೇಲೆ' ಎಂದು ಅವಳಿಗೆ ಗದರಿ ಗದರಿ ಕಲಿಸಿದ ಮನುಷ್ಯ ಇವರು. ಅವಳು ಒಂದು ಮರದ ಕೆಳಗೆ ನಿಂತು, "ಇದರ ತುದಿ ಹೇಗಿದೆ ಹೇಳಿ" ಎಂದಳು. ಮಾವ ಕತ್ತೆತ್ತಲಿಲ್ಲ. ಸೊಂಟಕ್ಕೆ ಕೈಕೊಟ್ಟು ಇಡೀ ಮೈಯನ್ನೇ ಒಂದಿಷ್ಟು ಹಿಂದಕ್ಕೆ ವಾಲಿಸಿ, "ಚೆನ್ನಾಗಿದೆ" ಎಂದರು. ಆ ಮರದ ತುದಿ ಹೋದ ಮಳೆಗಾಲದ ಗಾಳಿಗೇ ಮುರಿದು ಬಿದ್ದಿತ್ತು.

"ಯಾವಾಗಿನಿಂದ, ಮಾವ?"

ಅವರು ಬಣ್ಣದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿದ್ದರೂ ಮತ್ತೆ ಬಿಗಿ ಮಾಡಿದರು. "ಏಣಿಯಿಂದ ಜಾರಿದ್ನಲ್ಲ, ಆವಾಗಿನಿಂದ. ಕತ್ತೆತ್ತಿದ್ರೆ ತಲೆ ತಿರುಗುತ್ತೆ. ಹೇಳಿದ್ರೆ ಕಚೇರಿಯಲ್ಲಿ ಕುರ್ಚಿಗೆ ಅಂಟಿಸಿಬಿಡ್ತಾರೆ. ನಿಮ್ಮತ್ತೆಗೂ ಹೇಳಿಲ್ಲ." ಡಬ್ಬಿಯನ್ನು ಕೆಳಗಿಟ್ಟು, "ಗರಗಸದವರು ಬರೋ ಹೊತ್ತಾಯ್ತು. ನಿನ್ನ ನೀಲೀನೇ ಇರಲಿ ಬಿಡು, ನಾನೂ ಒಪ್ಪಿದೆ ಅಂದ್ಕೋ. ನನ್ನದನ್ನ ಕೆರೆದು ಹಾಕ್ತೀನಿ" ಎಂದರು. ದನಿ ಹಗುರವಾಗಿಯೇ ಇತ್ತು. ಮುಖ ಮಾತ್ರ ಬಾಡಿತ್ತು.

ಸೊಸೆ ಹೂಂ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಊಟಕ್ಕೆ ಕೂರಲು ತಂದಿದ್ದ ಟಾರ್ಪಾಲನ್ನು ತರಗೆಲೆಗಳ ಮೇಲೆ ಹಾಸಿದಳು.

"ಮಲಗಿ."

"ಏನಂದೆ?"

"ಮಲಗಿದ್ರೆ ಕತ್ತೆತ್ತೋದೇ ಬೇಕಾಗಿಲ್ಲ. ಅತ್ತೆಗೆ ನಾನೇನೂ ಹೇಳಲ್ಲ, ಆದ್ರೆ ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬರ್ಬೇಕು. ಈಗ ಮಲಗಿ."

ಮಾವ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲು ಮೊಣಕಾಲೂರಿ, ಆಮೇಲೆ ಮೊಣಕೈಯೂರಿ, ನಿಧಾನವಾಗಿ ಅಂಗಾತ ಮಲಗಿದರು. ಎಷ್ಟು ಹೊತ್ತಾದರೂ ಮಾತಿಲ್ಲ. ತಲೆ ತಿರುಗಿತೇನೋ ಎಂದು ಸೊಸೆಗೆ ದಿಗಿಲಾಯಿತು.

"ಹೇಗಿದೆ, ಮಾವ?"

"ಶ್! ಅಡ್ಡ ನಿಲ್ಲಬೇಡ." ಅವರ ತೋರುಬೆರಳು ಮೆಲ್ಲನೆ ಮೇಲೆದ್ದಿತು. "ಅಬ್ಬಾ, ಎಷ್ಟು ಬೆಳೆದುಬಿಟ್ಟಿದ್ದಾವೆ! ಅಲ್ನೋಡು, ಆ ಬಾಗಿದ ಮರ, ನಮ್ಮ ಗೂನ. ಬುಡವೆಲ್ಲ ಪೊಟರೆ ಅಂತ ನಾನು ಹಳದಿ ಬಳಿದೆ. ಮೇಲೆ ಎಂಥ ಕೊಡೆ ಬಿಚ್ಚಿ ನಿಂತಿದ್ದಾನೆ! ಅವನನ್ನ ಕೆಡವಿದ್ರೆ ಈ ಕೆಳಗಿನ ಮರಿಗಳೆಲ್ಲ ಒಂದೇ ಬೇಸಿಗೆಗೆ ಸುಟ್ಟುಹೋಗ್ತವೆ. ಹೋಗು, ಮೊದಲು ಆ ಹಳದಿ ಕೆರೆದು ಬಾ."

ಅವಳು ಚಾಕುವಿನಿಂದ ಬಣ್ಣ ಕೆರೆದು ಬಂದಾಗ ಮಾವ ಪಕ್ಕಕ್ಕೆ ಹೊರಳಿ ಬೇರೊಂದು ಮರದ ಬುಡವನ್ನು ದಿಟ್ಟಿಸುತ್ತಿದ್ದರು. "ಇದಕ್ಕೆ ನೀಲಿ ಯಾಕೆ?"

"ನೆತ್ತಿ ಮುರಿದಿದೆ. ಉಳಿದ ಅಡ್ಡ ಕೊಂಬೆಗಳು ಪಕ್ಕದವಕ್ಕೆ ಬೆಳಕು ಬಿಡ್ತಿಲ್ಲ."

"ಸರಿ. ಬೀಳೋದು ಯಾವ ಕಡೆ? ಇಲ್ಲಿ ತಲೆಯಿಟ್ಟು ನೋಡು."

ಅವಳೂ ಮಲಗಿ ಕೆನ್ನೆಯನ್ನು ನೆಲಕ್ಕೆ ಆನಿಸಿದಳು. ಮರ ಬೀಳಲಿದ್ದ ಜಾಗದ ತುಂಬ, ತರಗೆಲೆ ಸೀಳಿಕೊಂಡು ಎಳೆ ಮೊಳಕೆಗಳು ಎದ್ದಿದ್ದವು. ನೆತ್ತಿ ನೋಡುತ್ತ ಎಡತಾಕುವಾಗೆಲ್ಲ ಅವಳ ಕಾಲು ಅವನ್ನೇ ದಾಟಿತ್ತು, ಕಣ್ಣಿಗೆ ಬಿದ್ದಿರಲಿಲ್ಲ.

"ಹಗ್ಗ ಕಟ್ಟಿ ಇನ್ನೊಂದು ಕಡೆಗೆ ಎಳೆದ್ರಾಯ್ತು."

"ಆ ಕಡೆ ಹಳ್ಳ ಇದೆ ತಾಯಿ. ಮರ ಅಲ್ಲಿಗೆ ಬಿದ್ರೆ ಎತ್ತೋದು ಯಾರು, ನಿನ್ನ ಗಂಡನಾ?"

"ಹಾಗಂತ ಬಿಟ್ರೆ ಪಕ್ಕದ ಮರಗಳ ಗತಿ ಏನು?"

ಮಲಗಿದಲ್ಲೇ ಇಬ್ಬರೂ ಜೋರಾಗಿ ವಾದಕ್ಕೆ ಬಿದ್ದರು. ಯಾರೂ ಸೋಲಲಿಲ್ಲ, ನೀಲಿ ಗುರುತು ಇದ್ದಂತೆಯೇ ಉಳಿಯಿತು. ಕೊನೆಗೆ ಮಾವ, "ಇಲ್ಲಿಂದ ಸರಿಯಾಗಿ ಕಾಣ್ತಿಲ್ಲ. ನನ್ನನ್ನ ಆ ಕಡೆಗೆ ಸ್ವಲ್ಪ ಎಳಿ" ಎಂದರು. ಸೊಸೆ ಎದ್ದು, ಟಾರ್ಪಾಲಿನ ಎರಡು ಮೂಲೆ ಹಿಡಿದು, ಮಾವನ ಸಮೇತ ಮೆಲ್ಲಗೆ ಎಳೆಯತೊಡಗಿದಳು. ಅಷ್ಟರಲ್ಲಿ ಗರಗಸ ಹೊತ್ತ ಆಳುಗಳು ಬಂದು, ಕಂಡದ್ದನ್ನು ನಂಬಲಾಗದೆ ನಿಂತುಬಿಟ್ಟರು.

"ಅಯ್ಯಯ್ಯೋ, ಯಜಮಾನ್ರಿಗೆ ಏನಾಯ್ತಮ್ಮಾ?"

"ಏನೂ ಆಗಿಲ್ಲ, ಅಳತೆ ನಡೀತಿದೆ," ಸೊಸೆ ಏದುಸಿರು ಬಿಡುತ್ತ ಹೇಳಿದಳು. "ಗರಗಸ ಅಲ್ಲೇ ಇಟ್ಟು, ನೀವೂ ಒಂದ್ಸಲ ಮಲಗಿ ನೋಡಿ."