ಆರಕ್ಕೆ ಆರು

ಆ ಸಾಲನ್ನು ಬರೆದವರು ಗಾಜಿನಾಚೆ ಕುಳಿತ ಆರು ಜನರಲ್ಲಿ ಒಬ್ಬರೇ ಇರಬೇಕು. ಯಾರೆಂಬುದು ಶುಕ್ರವಾರದೊಳಗೆ ಗೊತ್ತಾಗಬೇಕಿತ್ತು.

‘ನಾಳೆಯಿಂದ ನಾನು ಬರದಿದ್ದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ?’

ತಂಡದ ಮುಖ್ಯಸ್ಥೆ ಅದನ್ನು ಮತ್ತೊಮ್ಮೆ ಓದಿದಳು. ಪಾರ್ಸೆಲ್ ಕಂಪನಿಯೊಂದರ ಡೇಟಾ ವಿಭಾಗ ಅವರದು. ಯಾವ ಗಾಡಿ ಎಲ್ಲಿ ತಡವಾಯಿತು, ಯಾವ ಗೋದಾಮು ತುಂಬಿ ತುಳುಕುತ್ತಿದೆ, ಎಲ್ಲವೂ ಈ ಕೋಣೆಯಿಂದಲೇ ಹೊರಡಬೇಕು. ನೂರಾರು ಗಾಡಿಗಳ ಜಾಡು ಬಲ್ಲವರಿಗೆ ಪಕ್ಕದ ಕುರ್ಚಿಯ ಜಾಡು ಗೊತ್ತಿರಲಿಲ್ಲ. ವರ್ಷದ ಮೊದಲಲ್ಲಿ ಇಬ್ಬರು ಬಿಟ್ಟುಹೋದದ್ದು, ರಾಜೀನಾಮೆ ಮೇಜಿನ ಮೇಲೆ ಬಿದ್ದ ಮೇಲಷ್ಟೇ ತಿಳಿದಿತ್ತು.

“ಇನ್ನೊಬ್ರು ಹೋದ್ರೆ ನಿಮ್ಮ ತಂಡ ಇರಲ್ಲಮ್ಮ,” ಎಂದಿದ್ದರು ನಿರ್ದೇಶಕರು. “ಇಬ್ಬಿಬ್ಬರನ್ನ ಒಂದೊಂದು ವಿಭಾಗಕ್ಕೆ ಹಂಚಿಬಿಡ್ತೀನಿ. ಶುಕ್ರವಾರ ಹೇಳಿ, ಎಲ್ಲರೂ ಇರ್ತಾರಾ ಅಂತ.”

ಹಂಚಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾರಾಟದವರ ಮಗ್ಗುಲಲ್ಲಿ ಕುಳಿತವರು ಮಾರಾಟದವರಿಗೆ ಹಿತವಾದ ಅಂಕಿಯನ್ನೇ ಕೊಡಲು ಶುರುಮಾಡುತ್ತಾರೆ. ‘ಇದು ಸರಿಯಿದೆಯಾ, ಸ್ವಲ್ಪ ನೋಡು’ ಎನ್ನಲು ಪಕ್ಕದಲ್ಲಿ ತಮ್ಮ ತಂಡದವರು ಯಾರೂ ಇರುವುದಿಲ್ಲ.

ಆ ಇಬ್ಬರು ಹೋದ ಮೇಲೆ ಅವಳೇ ಶುರುಮಾಡಿದ್ದು ಈ ಸಮೀಕ್ಷೆ. ಪ್ರಶ್ನೆಗಳನ್ನು ಸಿದ್ಧಮಾಡಿ, ನಿರ್ದೇಶಕರ ಒಪ್ಪಿಗೆಗೆ ವಾರಗಟ್ಟಲೆ ಕಾದು, ಕೊನೆಗೂ ಕಳುಹಿಸಿದ ದಿನ ಅವಳು ಎಲ್ಲರೆದುರು ಮಾತು ಕೊಟ್ಟಿದ್ದಳು: “ಯಾರು ಏನು ಬರೆದ್ರು ಅಂತ ನಾನು ಹುಡುಕಲ್ಲ.” ಹೆಸರಿಗೆ ಜಾಗವನ್ನೇ ಇಟ್ಟಿರಲಿಲ್ಲ. ಉತ್ತರ ಬಂದ ದಿನ, ಗಂಟೆಯನ್ನು ತೋರಿಸುವ ಕಾಲಂ ತಾನಾಗಿಯೇ ಬರುತ್ತದೆ, ಅದನ್ನೂ ಮರೆಮಾಡಿದ್ದಳು. ಆರು ಜನ, ಆರು ಉತ್ತರ. ಆರಕ್ಕೆ ಆರು ಬಂತೆಂದು ವರದಿಯಲ್ಲಿ ಬರೆಯುವಾಗಲೂ ಖುಷಿಯೇನೂ ಆಗಿರಲಿಲ್ಲ. ಈಚೆಗೆ ಏನೂ ಆಗುತ್ತಿರಲಿಲ್ಲ. ಮನೆಯಲ್ಲಿ ಮಗಳು ಒಂದೇ ಮಾತನ್ನು ಮೂರು ಸಲ ಕೇಳಬೇಕಾಗುತ್ತಿತ್ತು. ಕೆಲಸ ಜಾಸ್ತಿ, ಅಷ್ಟೆ.

ಕೊಟ್ಟ ಮಾತು ಮುರಿಯುವುದು ಸರಿಯಲ್ಲ. ಆದರೆ ಈ ಸಾಲಿನ ಹಿಂದೆ ಒಂದು ಜೀವವಿತ್ತು. ಕಾಲಂ ಮಾತ್ರ ತೆರೆಯುವುದಿಲ್ಲ, ಉಳಿದಂತೆ ಹುಡುಕುತ್ತೇನೆ ಎಂದು ತನ್ನೊಡನೆ ತಾನೇ ಚೌಕಾಸಿ ಮಾಡಿಕೊಂಡಳು.

ಮೂವರು ಹತ್ತೇ ನಿಮಿಷದಲ್ಲಿ ಸಿಕ್ಕಿಬಿದ್ದರು. ಒಬ್ಬ ಕುರ್ಚಿಯ ಬೆನ್ನು ಮುರಿದಿದೆಯೆಂದು ದೂರಿದ್ದ. ಮುರುಕು ಕುರ್ಚಿ ಇದ್ದದ್ದು ಅವನೊಬ್ಬನಿಗೇ. ಒಬ್ಬಳು ಸಂಕಟವನ್ನೂ ಒಂದು, ಎರಡು, ಮೂರು ಎಂದು ಅಂಕಿ ಹಾಕಿಯೇ ಬರೆಯುವವಳು. ಇನ್ನೊಬ್ಬ ಜನ್ಮದಲ್ಲಿ ಪೂರ್ಣವಿರಾಮ ಹಾಕಿದವನಲ್ಲ.

ಉಳಿದವರು ಮೂವರು.

ಮೊದಲು ‘ಅಜ್ಜ’ನನ್ನು ಕರೆದಳು. ವಯಸ್ಸು ಐವತ್ತೇ, ಹಳೆಯ ಡೇಟಾಬೇಸಿನ ಒಳಹೊರಗು ಬಲ್ಲವರು ಅವರೊಬ್ಬರೇ ಆದ್ದರಿಂದ ಆ ಹೆಸರು.

“ಹೇಗಿದ್ದೀರಿ?”

“ಏನ್ ಮೇಡಂ, ಕೆಲಸದಿಂದ ತೆಗೀತಿದ್ದೀರಾ?”

“ಇಲ್ಲಪ್ಪ. ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋರು ನೀವಲ್ಲ. ಹಳೇ ಡೇಟಾಬೇಸನ್ನ ಇನ್ನೊಬ್ರಿಗೆ ಕಲಿಸ್ಬೇಕು ಅಂತ ಆ ಫಾರ್ಮಲ್ಲಿ ಬರ್ದೆನಲ್ಲ, ಅದಕ್ಕೇ ತಾನೆ? ನಾನು ಹೋದ್ರೆ ಅದೂ ನನ್ನ ಜೊತೆ ಚಟ್ಟ ಹತ್ತುತ್ತೆ, ನೆನಪಿರಲಿ!”

ನಗುತ್ತಲೇ ಹೋದರು.

ಎರಡನೆಯವಳು ಹೆರಿಗೆ ರಜೆ ಮುಗಿಸಿ ಬಂದವಳು. ಕೂರುವ ಮೊದಲೇ ಒಪ್ಪಿಕೊಂಡಳು. “ನಾಲ್ಕೂವರೆ ಮೀಟಿಂಗ್ ತೆಗೀರಿ ಅಂತ ಬರ್ದಿದ್ದು ನಾನೇ ಅಕ್ಕ. ಮಗೂನ ಕರ್ಕೊಂಡು ಬರೋ ಹೊತ್ತದು. ಬೇಜಾರಾಯ್ತಾ?”

“ಇಲ್ಲ. ನಿನ್ನೆನೇ ತೆಗೆದೆ.”

“ಅಯ್ಯೋ, ದೇವ್ರು ನೀವು! ಊಟ ಆಯ್ತಾ ಅಕ್ಕ?”

ಉತ್ತರ ಬರುವಷ್ಟರಲ್ಲಿ ಅವಳು ಬಾಗಿಲಾಚೆಗಿದ್ದಳು.

ಅಲ್ಲಿಗೆ ಉಳಿದವನು ‘ಮೌನಿ’. ಅನುಮಾನ ಮೊದಲಿನಿಂದಲೂ ಅವನ ಮೇಲೆಯೇ. ಕಿವಿಗೆ ಹೆಡ್‌ಫೋನ್, ಕಣ್ಣು ಪರದೆಗೆ, ದಿನಕ್ಕೆ ನಾಲ್ಕು ಮಾತು. ಅವನು ಬಂದಾಗ ಅವಳು ಎದ್ದು ಬಾಗಿಲು ಹಾಕಿದಳು.

“ನೀನು ಬರೆದಿದ್ದನ್ನ ಓದಿದೆ,” ಎಂದಳು ಮೆಲ್ಲಗೆ. “ನೀನು ಬರದಿದ್ರೆ ನಂಗೆ ಗೊತ್ತಾಗುತ್ತಪ್ಪ.”

“ಗೊತ್ತಾಗುತ್ತೆ ಮೇಡಂ. ಹೋದ್ ತಿಂಗಳು ಜ್ವರ ಬಂದಾಗ ಹತ್ತು ಗಂಟೆಗೇ ಫೋನ್ ಮಾಡಿದ್ರಲ್ಲ. ನಮ್ಮಲ್ಲಿ ಯಾರು ಬರದಿದ್ರೂ ಮಾಡ್ತೀರಿ. ನಮ್ಮಮ್ಮ ಇನ್ನೂ ಹೊಗಳ್ತಿರ್ತಾರೆ.” ಒಂದು ವಾರದ ಮಾತನ್ನು ಒಟ್ಟಿಗೇ ಆಡಿ ಮುಗಿಸಿದವನಂತೆ ನಿಂತ. ಆಮೇಲೆ ಕೇಳಿದ, “ನಾನೇನು ಬರ್ದೆ?”

“ಆ ಫಾರ್ಮಲ್ಲಿ.”

ಅವನ ಕಿವಿ ಕೆಂಪಾಯಿತು. “ಬೈಬೇಡಿ ಮೇಡಂ. ನಾನು ಅದನ್ನ ತುಂಬ್ಲೇ ಇಲ್ಲ. ಇರೋದು ಆರು ಜನ. ಹೆಸರು ಹಾಕದಿದ್ರೇನು, ಕಂಡುಹಿಡಿಯೋದು ನಮ್ಮ ಕಸುಬೇ ಅಲ್ವಾ?”

ಅವಳಿಗೆ ತಲೆಯೆತ್ತಲಾಗಲಿಲ್ಲ. ಸುಳ್ಳು ಹೇಳುವವನಲ್ಲ ಅವನು. “ಸರಿ, ಹೋಗು,” ಎಂದಳು.

ತುಂಬಿದವರು ಐದು ಜನ. ಉತ್ತರ ಆರು. ಲೆಕ್ಕವೇ ಕಸುಬಾದ ಅವಳೂ ಬೆರಳು ಮಡಚಿ ಎರಡು ಸಲ ಎಣಿಸಿದಳು. ಗಾಜಿನಾಚೆ ಆರು ತಲೆಗಳೂ ತಂತಮ್ಮ ಪರದೆಗೆ ಬಾಗಿದ್ದವು. ನಾಳೆಯೇ ಶುಕ್ರವಾರ. ಉಳಿಸಿಕೊಂಡಿದ್ದ ಅರ್ಧ ಮಾತನ್ನೂ ಮುರಿದು, ಮರೆಮಾಡಿದ್ದ ಕಾಲಂ ತೆರೆದಳು.

ಐದು ಉತ್ತರಗಳು ಕಳೆದ ವಾರದವು. ಆ ಸಾಲು ಮಾತ್ರ ಎಲ್ಲಕ್ಕಿಂತ ಮೇಲೆ, ಒಂಟಿಯಾಗಿ ಇತ್ತು. ಅದರ ಮುಂದಿನ ತಾರೀಖು ಆರು ವಾರ ಹಳೆಯದು. ಆಗಿನ್ನೂ ಸಮೀಕ್ಷೆ ತಂಡದ ಯಾರ ಕೈಗೂ ಹೋಗಿರಲಿಲ್ಲ.

ಅಂದು, ಉತ್ತರ ಸರಿಯಾಗಿ ಬಂದು ಸೇರುತ್ತದೆಯೇ ಎಂದು ಪರೀಕ್ಷಿಸಲು, ಕೈಗೆ ಬಂದ ಯಾವುದೋ ಒಂದು ಸಾಲನ್ನು ಟೈಪ್ ಮಾಡಿ ಅವಳೇ ಕಳುಹಿಸಿದ್ದಳು.