ತಗೊಂಡವರೇ ವಾಪಸ್ ಕೊಡಬೇಕು

ಆ್ಯಪ್ ಹತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಮೆಮೊರಿ ತುಂಬಿ ನಿಂತೇ ಹೋಗುವುದು. ಮೂರು ಗಂಟೆಗೆ ಗ್ರಾಹಕರಿಗೆ ತೋರಿಸಬೇಕು. ಲವೀನಾ ಕೋಡನ್ನು ಮತ್ತೆ ಮೊದಲಿಂದ ಓದತೊಡಗಿದಳು. ಆಬ್ಜೆಕ್ಟಿವ್-ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕೋಡ್. ಅದರಲ್ಲಿ ಮೆಮೊರಿಯಿಂದ ತೆಗೆದುಕೊಂಡ ಜಾಗ ತಾನಾಗಿ ಖಾಲಿಯಾಗುವುದಿಲ್ಲ.

ಟೀಮಿನ ಹಿರಿಯರಾದ ಗೋದಾವರಿ ಮೇಡಂ ಪರದೆಯ ಮೇಲೆ ಕಣ್ಣಾಡಿಸಿ ನಕ್ಕರು.

"ಈ ಕೋಡ್ ಬ್ಲಾಕ್ ಕಾಪಿ ಮಾಡಿ ಮೆಮೊರೀಲಿ ಇಟ್ಕೊಂಡಿದೀಯಲ್ಲ, ಕೆಲಸ ಮುಗಿದ್ಮೇಲೆ ಆ ಜಾಗ ರಿಲೀಸ್ ಮಾಡಿದ್ಯೇನೇ?"

"ಮರೆತೇಹೋಯ್ತು, ಮೇಡಂ."

"ತಗೊಂಡವರೇ ವಾಪಸ್ ಕೊಡಬೇಕು ಕಣೇ. ಇಲ್ದಿದ್ರೆ ಒಂದೊಂದೇ ಸೇರಿ ಜಾಗವೆಲ್ಲ ತುಂಬ್ಕೊಳ್ಳುತ್ತೆ. ಮನೇಲಿ ಇಷ್ಟೂ ಕಲಿಸಿಲ್ವಾ ನಿಂಗೆ?"

ಲವೀನಾ ತಲೆ ತಗ್ಗಿಸಿಕೊಂಡು ಒಂದು ಸಾಲು ಸೇರಿಸಿದಳು. ಅರ್ಧ ಗಂಟೆ ಕಳೆದರೂ ಆ್ಯಪ್ ನಿಲ್ಲಲಿಲ್ಲ.

"ನೋಡಿದ್ಯಾ? ಇದನ್ನ ಬರೆದಿಟ್ಕೋ," ಎನ್ನುತ್ತ ಮೇಡಂ ಪೆನ್ನಿಗಾಗಿ ತಮ್ಮ ಮೇಜಿನ ಡ್ರಾಯರ್ ಎಳೆದರು. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಲವೀನಾ ಎರಡೂ ಕೈ ಹಾಕಿ ಜಗ್ಗಿದಳು.

ಡ್ರಾಯರ್ ಕಳಚಿಬಂದು ಢಣಢಣನೆ ಹನ್ನೊಂದು ಸ್ಟೀಲ್ ಡಬ್ಬಿಗಳು ನೆಲಕ್ಕುರುಳಿದವು. ಲವೀನಾ ಒಂದನ್ನು ಎತ್ತಿಕೊಂಡಳು. ಕಳೆದ ಕ್ರಿಸ್‌ಮಸ್ಸಿಗೆ ತಾನೇ ತಿಂಡಿ ತುಂಬಿ ತಂದುಕೊಟ್ಟಿದ್ದ ಡಬ್ಬಿ. ಮುಚ್ಚಳದ ಮೇಲೆ ಅಮ್ಮನ ಹೆಸರು.

ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ನಮ್ಮನೇಲಿ ಕಲಿಸಿದಾರೆ ಕಣೇ."