ನೀಲಮ್ಮನ ಮುಂಬೈ

ಗದಗಿನಲ್ಲಿ ಹಾಸಿಗೆ ಹಿಡಿದಿದ್ದ ನೀಲಮ್ಮ ಆ ದಿನ ಗೈಡ್ ವಾರಿಜಾಳ ಕಣ್ಣಿನಿಂದ ಮುಂಬೈ ನೋಡುತ್ತಿದ್ದರು. ಗೈಡ್ ಕೆಲಸವೆಂದರೆ ಈಗ ಇಷ್ಟೇ. ಹಗಲೆಲ್ಲ ಊರು ಸುತ್ತಬೇಕು. ಕಂಡದ್ದು, ಅನಿಸಿದ್ದು ಎಲ್ಲವೂ ಸಂಜೆ ಗಿರಾಕಿಯ ನೆನಪಿಗೆ ಹೋಗುತ್ತದೆ. ಗೈಡಿನ ತಲೆಯಲ್ಲಿ ಏನೂ ಉಳಿಯುವುದಿಲ್ಲ.

"ಸಮುದ್ರ ಸಾಕವಾ, ಬರೇ ನೀರ ಐತಿ," ನೀಲಮ್ಮನ ದನಿ ಕಿವಿಯಲ್ಲಿ ಕೇಳಿತು. "ಮತ್ತೇನೈತಿ?"

"ದಾದರಿನಲ್ಲಿ ಒಂದು ಶಾಲೆ ಉಂಟು ಅಜ್ಜಿ. ಇವತ್ತು ಮಕ್ಕಳ ಡ್ಯಾನ್ಸ್." ಎಂದಳು ವಾರಿಜಾ. "ನನ್ನ ಮಗಳೂ ಇದ್ದಾಳೆ. ನನಗೆ ರಜೆ ಸಿಗಲಿಲ್ಲ."

"ನೋಡಿದ್ರೂ ನಿನಗ ನೆನಪಿರಂಗಿಲ್ಲಲ್ಲ."

"ಅವಳಿಗೆ ನಾನು ಕಂಡರೆ ಸಾಕು."

"ಹಂಗಾದ್ರ ಮುಂದಿನ ಸಾಲಿನ್ಯಾಗ ಕೂಡು. ರೊಕ್ಕ ಕೊಟ್ಟು ಹಿಂದ ಕುಂತು ನೋಡ್ಲೇನು?"

ಸಂಜೆ ಮನೆಗೆ ಬಂದ ವಾರಿಜಾಳಿಗೆ ಬೆಳಿಗ್ಗೆ ಮಗಳ ಡಬ್ಬಿ ಕಟ್ಟಿದ್ದು ನೆನಪಿತ್ತು. ಆಮೇಲಿನದು ಕಾಲುನೋವು ಮಾತ್ರ. ಮಗಳು ನಿಶಿತಾ ಮುಖದ ಹಸಿರು ಬಣ್ಣವನ್ನೂ ಗಿಳಿಯ ರೆಕ್ಕೆಯನ್ನೂ ತೆಗೆಯದೆ ಬಾಗಿಲಲ್ಲೇ ಕೂತಿದ್ದಳು.

"ನಿಂಗೆ ಗೊತ್ತಿರುದಿಲ್ಲಲ್ಲ, ಅದಕ್ಕೇ ತೊಳೀಲಿಲ್ಲ," ಎಂದಳು.

ಇನ್ನೊಮ್ಮೆ ಕುಣಿದು ತೋರಿಸಲು ಎದ್ದವಳು ಹಾಗೇ ನಿಂತಳು. "ಅಮ್ಮ, ನೀನು ಅಲ್ಲಿ ಅಳ್ತಾ ಇದ್ದೆ. ನಾನು ಸ್ಟೆಪ್ ತಪ್ಪಿದ್ದಕ್ಕಾ?"

"ಅಲ್ಲ ಮಗಾ."

"ಮತ್ತೆ ಯಾಕೆ?"

ವಾರಿಜಾ ಮಗಳ ಗಿಳಿಯ ರೆಕ್ಕೆಯನ್ನು ಸರಿಮಾಡಿದಳು. ಆ ಕಾರಣ ಈಗ ಗದಗಿನಲ್ಲಿತ್ತು.